ವಯಸ್ಸು ಮೀರಿದವರ ಚರಿತ್ರೆ

ನನ್ನ ಹುಟ್ಟಿದ ದಿನ ಜೂನ್ 1. ಅಕ್ಕನದೂ ಜೂನ್ 1. ನಮ್ಮ ಕೇರಿಯಿಂದ ನನ್ನ ಜೊತೆಗೆ ಒಂದನೇ ಇಯತ್ತೆಗೆ ಸೇರಿದ ಇನ್ನು ಮೂವರದೂ ಜೂನ್ 1. ಅಂಕೋಲೆಯಲ್ಲಿ ಒಂದೇ ದಿವಸ ಇಷ್ಟು ಹೆರಿಗೆ ಆಗಲಿಲ್ಲ. ಶಾಲೆ ಶುರುವಾಗೂದು ಜೂನ್ ತಿಂಗಳಲ್ಲಿ, ಅಷ್ಟೆ.

ಅವ್ವ ನನ್ನ ಕೈ ಹಿಡಿದುಕೊಂಡು ಜಗಲಿಯ ಕೆಳಗೆ ನಿಂತಾಗ ಮಾಸ್ತರರು ಕೇಳಿದರಂತೆ, "ಹುಟ್ಟಿದ್ದು ಯಾವಾಗ?" ಅವ್ವ ಹೇಳಿದಳು, "ರೈಲು ಬಂತಲ್ರಾ, ಅದೇ ಮಳೆಗಾಲ. ನಟ್ಟಿ ಮುಗದಿತ್ತು." ಮಾಸ್ತರರು ಕೆಟ್ಟವರಲ್ಲ. ಆದರೆ ಅವರ ಪುಸ್ತಕದಲ್ಲಿ ರೈಲಿಗೂ ನಟ್ಟಿಗೂ ಕಲಮು ಇರಲಿಲ್ಲ. ಅವರು 1-6 ಎಂದು ಬರೆದು ಮುಂದಿನವನನ್ನು ಕರೆದರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ನಟ್ಟಿ ಮುಗಿಯುವುದು ಆಗಸ್ಟಿಗೆ. ಅಂದರೆ ಸರ್ಕಾರದ ಕಾಗದದಲ್ಲಿ ನಾನು ನನ್ನ ಅವ್ವನ ಹೊಟ್ಟೆಯಿಂದ ಎರಡು ತಿಂಗಳು ಮುಂಚೆಯೇ ಹೊರಬಿದ್ದಿದ್ದೇನೆ. ಹುಟ್ಟು ಸಾವು ನೋಂದಣಿಯ ಕಾಯ್ದೆ 1969ರಿಂದಲೂ ಇದೆ. ಆದರೆ ಮನೆಯಲ್ಲೇ ಹೆತ್ತು ಎಂಟನೇ ದಿನಕ್ಕೆ ಗದ್ದೆಗಿಳಿದವಳಿಗೆ ಯಾವ ಕಚೇರಿಯ ಬಾಗಿಲು ಗೊತ್ತಿತ್ತು?

ಎರಡು ತಿಂಗಳು ಎಂತ ದೊಡ್ಡದು ಅಂತ ನೀವು ಕೇಳಬಹುದು. ನೌಕರಿಯ ಜಾಹೀರಾತು ಓದಿದವರು ಕೇಳುವುದಿಲ್ಲ.

ನಮ್ಮ ಕೇರಿಯಲ್ಲಿ ಒಬ್ಬ ಅಣ್ಣನಿದ್ದಾನೆ. ಹೆಸರು ಬೇಡ. ಎಂಟು ವರ್ಷಕ್ಕೆ ಶಾಲೆಗೆ ಸೇರಿದವನು. ನಡುವೆ ಅಪ್ಪ ತೀರಿಕೊಂಡಾಗ ಮೂರು ವರ್ಷ ದೋಣಿಯ ಮೇಲೆ, ಎರಡು ವರ್ಷ ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು. ಬಿ.ಎ. ಮುಗಿಸುವಾಗ ಅವನಿಗೆ 29. ಆಮೇಲೆ ಹತ್ತು ವರ್ಷ ಅರ್ಜಿ ಹಾಕಿದ. ಅವನ ದಾಖಲೆಯ ಹುಟ್ಟಿದ ದಿನವೂ ಜೂನ್ 1. 2025ರ ಜೂನ್ 1ಕ್ಕೆ ಅವನಿಗೆ 40 ತುಂಬಿತು. ಕರ್ನಾಟಕದಲ್ಲಿ ಪರಿಶಿಷ್ಟರಿಗೆ ಸಾಮಾನ್ಯವಾಗಿ ಇರುವ ಗಡಿ 40. ಅಂದು ಸಂಜೆ ಅವನು ಬೇಲೆಯ ಮೇಲೆ ಕೂತು ಹೇಳಿದ, "ಇವತ್ತಿನಿಂದ ನಾನು ಸರ್ಕಾರಕ್ಕೆ ಮುದುಕ, ಗೌಂಡಿಗೆ ಮಾತ್ರ ಇನ್ನೂ ಹುಡುಗ."

ಆ ಮಾತು ನನ್ನನ್ನು ಈ ಚರಿತ್ರೆ ಹುಡುಕಲು ಹಚ್ಚಿತು. ಈ ವಯಸ್ಸಿನ ಗೆರೆ ಎಳೆದವರು ಯಾರು? ಯಾಕೆ ಎಳೆದರು? ಲೋಕದಲ್ಲಿ ಎಲ್ಲ ಕಡೆಯೂ ಈ ಗೆರೆ ಇದೆಯೆ?

*

ಚರಿತ್ರೆ ದೂರ ಇರಲಿಲ್ಲ. ಕಾರವಾರದ ಕಡಲ ದಂಡೆಯಲ್ಲೇ ಇತ್ತು. ಅದಕ್ಕೆ ರವೀಂದ್ರನಾಥ ಟಾಗೋರರ ಹೆಸರಿಟ್ಟಿದ್ದಾರೆ. 1883ರಲ್ಲಿ ಆ ಕವಿ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೆರಡರ ಪ್ರಾಯ. ನಮ್ಮ ಪಠ್ಯಪುಸ್ತಕ ಕವಿಯ ಬಗ್ಗೆ ಹೇಳುತ್ತದೆ, ಬೆಳದಿಂಗಳ ಬಗ್ಗೆ ಹೇಳುತ್ತದೆ. ಅವರು ಯಾರ ಮನೆಗೆ ಬಂದಿದ್ದರು ಅನ್ನುವುದನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ. ಬಂದದ್ದು ಅಣ್ಣ ಸತ್ಯೇಂದ್ರನಾಥ ಟಾಗೋರರ ಮನೆಗೆ. ಅವರು ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಸತ್ಯೇಂದ್ರನಾಥರು ಮುಂಬೈ ಪ್ರಾಂತ್ಯದ ಅಧಿಕಾರಿ. ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಲಂಡನ್ನಿಗೆ ಹೋಗಿ ಬರೆದು ಗೆದ್ದ ಮೊದಲ ಭಾರತೀಯ.

ಅವರು ಹುಟ್ಟಿದ್ದು 1842ರ ಜೂನ್ 1. ಹೌದು, ಅವರದೂ ಜೂನ್ 1. ಆದರೆ ಅದು ಮಾಸ್ತರರು ಅಂದಾಜಿಗೆ ಬರೆದದ್ದಲ್ಲ. ಕಲ್ಕತ್ತೆಯ ಜೋರಾಸಾಂಕೋ ಮನೆಯಲ್ಲಿ ಹುಟ್ಟಿದ ಗಳಿಗೆ ಬರೆದಿಡುವವರು ಇದ್ದರು. 1863ರಲ್ಲಿ ಅವರು ತೇರ್ಗಡೆಯಾದಾಗ 21 ತುಂಬಿತ್ತು. ಆಗಿನ ಗಡಿ 22.

ಈ ಪರೀಕ್ಷೆ 1855ರಲ್ಲಿ ಶುರುವಾದಾಗ ಹೆಚ್ಚಿನ ವಯಸ್ಸು 23 ಇತ್ತು. 1860ಕ್ಕೆ 22 ಆಯಿತು. 1866ಕ್ಕೆ 21. 1878ಕ್ಕೆ 19. ಈ ಇಳಿಯುವ ಮೆಟ್ಟಿಲನ್ನು ನೋಡಿ. ಭಾರತೀಯರು ಒಬ್ಬೊಬ್ಬರಾಗಿ ಪರೀಕ್ಷೆ ಹತ್ತಲು ಶುರುಮಾಡಿದ ಹಾಗೆ ಮೆಟ್ಟಿಲು ಕೆಳಗಿಳಿಯಿತು. 19 ವರ್ಷದ ಹುಡುಗ ಪರಭಾಷೆಯಲ್ಲಿ ಓದಿ, ಸಮುದ್ರ ದಾಟಿ, ಅಲ್ಲಿಯೇ ಹುಟ್ಟಿ ಬೆಳೆದವರ ಜೊತೆ ಬರೆದು ಗೆಲ್ಲಬೇಕು. "ಕರಿಯರಿಗೆ ಪ್ರವೇಶವಿಲ್ಲ" ಎಂದು ಎಲ್ಲಿಯೂ ಬರೆಯಲಿಲ್ಲ. ಬರೆಯುವ ಅಗತ್ಯ ಇರಲಿಲ್ಲ. ಒಂದು ಸಂಖ್ಯೆ ಬರೆದರೆ ಸಾಕಾಯಿತು. ಸತ್ಯೇಂದ್ರನಾಥರೇ 1878ರ ನಿಯಮದ ಕೆಳಗೆ ಬಂದಿದ್ದರೆ ಕಾರವಾರಕ್ಕೆ ನ್ಯಾಯಾಧೀಶರಾಗಿ ಬರುತ್ತಿರಲಿಲ್ಲ.

ಇನ್ನೊಂದು ಕಥೆ ಕೇಳಿ. 1869ರಲ್ಲಿ ಬಂಗಾಳದ ಸುರೇಂದ್ರನಾಥ ಬ್ಯಾನರ್ಜಿ ಈ ಪರೀಕ್ಷೆ ಪಾಸಾದರು. ಅವರನ್ನೂ ಮುಂಬೈ ಕಡೆಯ ಶ್ರೀಪಾದ ಬಾಬಾಜಿ ಠಾಕೂರರನ್ನೂ ವಯಸ್ಸು ಮೀರಿದೆ ಎಂದು ಪಟ್ಟಿಯಿಂದ ತೆಗೆದರು. ಸುರೇಂದ್ರನಾಥರ ಮೆಟ್ರಿಕ್ ಕಾಗದದಲ್ಲಿದ್ದ ವಯಸ್ಸಿನ ಲೆಕ್ಕ ಹಿಡಿದರೆ ಅವರಿಗೆ 21 ದಾಟಿತ್ತು. ಅವರು ಕೋರ್ಟಿಗೆ ಹೋದರು. ನಮ್ಮ ದೇಶದಲ್ಲಿ ವಯಸ್ಸನ್ನು ಗರ್ಭದಿಂದ ಎಣಿಸುತ್ತಾರೆ, ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಹೇಳುತ್ತಾರೆ, ನಿಮ್ಮ ಲೆಕ್ಕ ಬೇರೆ ನಮ್ಮ ಲೆಕ್ಕ ಬೇರೆ ಎಂದು ವಾದ ಹೂಡಿದರು. ಗೆದ್ದರು. ಲಂಡನ್ನಿನ ನ್ಯಾಯಾಲಯದ ಎದುರು ಊರಿನ ಲೆಕ್ಕಕ್ಕೆ ಬೆಲೆ ಬಂತು. ನನ್ನ ಅವ್ವನ ರೈಲಿನ ಲೆಕ್ಕಕ್ಕೆ ಇನ್ನೂ ಬಂದಿಲ್ಲ.

ಕರ್ನಾಟಕದಲ್ಲಿ ಸರ್ಕಾರಿ ನೌಕರರ ವಯಸ್ಸು ನಿರ್ಧರಿಸುವುದಕ್ಕೇ 1974ರ ಒಂದು ಕಾಯ್ದೆ ಇದೆ. ಸೇವಾ ಪುಸ್ತಕದಲ್ಲಿ ಒಮ್ಮೆ ಸೇರಿದ ಹುಟ್ಟಿದ ದಿನವನ್ನು ಆಮೇಲೆ ಬೇಕೆಂದಾಗ ತಿದ್ದಲಾಗದಂತೆ ಅದು ಬಾಗಿಲು ಹಾಕಿದೆ. ನಿವೃತ್ತಿ ಹತ್ತಿರ ಬಂದಾಗ ವಯಸ್ಸು ಇಳಿಸಿಕೊಳ್ಳುವ ಕಳ್ಳರನ್ನು ತಡೆಯಲು ಅದು ಬೇಕು, ಒಪ್ಪುತ್ತೇನೆ. ಆದರೆ ನಮ್ಮ ದಿನವನ್ನು ನಾವು ಬರೆದದ್ದಲ್ಲ, ಬೇರೆಯವರು ಬರೆದದ್ದು ಅನ್ನುವ ಮಾತಿಗೆ ಅಲ್ಲಿ ಜಾಗ ಕಡಿಮೆ.

1877ರಲ್ಲಿ ಇದೇ ಸುರೇಂದ್ರನಾಥರು ದೇಶ ಸುತ್ತಿದರು. ಊರೂರಲ್ಲಿ ಸಭೆ ಮಾಡಿದರು. 19ರ ಗಡಿ ತೆಗೆಯಿರಿ, ವಯಸ್ಸು ಹೆಚ್ಚಿಸಿ, ಪರೀಕ್ಷೆಯನ್ನು ಇಂಡಿಯಾದಲ್ಲೂ ನಡೆಸಿ ಎಂಬುದು ಬೇಡಿಕೆ. ಕಾಂಗ್ರೆಸ್ಸು ಹುಟ್ಟುವುದಕ್ಕೆ ಎಂಟು ವರ್ಷ ಮುಂಚಿನ ಮಾತು. ದೇಶವನ್ನೆಲ್ಲ ಒಂದು ಬೇಡಿಕೆಯ ಸುತ್ತ ಸೇರಿಸಿದ ಮೊದಮೊದಲ ರಾಜಕೀಯ ಚಳವಳಿಗಳಲ್ಲಿ ಇದೂ ಒಂದು. 1886ರಲ್ಲಿ ಐಚಿಸನ್ನರ ಅಧ್ಯಕ್ಷತೆಯ ಆಯೋಗ ಕೂತಿತು, 23ಕ್ಕೆ ಏರಿಸಿ ಎಂದಿತು. 1890ರ ದಶಕದಲ್ಲಿ ಗಡಿ ಮತ್ತೆ 23ಕ್ಕೆ ಮರಳಿತು.

ಗೆಳೆಯರೇ, ಇದನ್ನು ನೆನಪಿಡಿ. ವಯೋಮಿತಿ ಸಡಿಲಿಸಿ ಎಂದು ಈ ದೇಶದಲ್ಲಿ ಮೊದಲು ಕೇಳಿದವರು ನಾವಲ್ಲ. ಕೇಳಿದವರು ಓದಿದ ಮೇಲ್ಜಾತಿಯ ದೊಡ್ಡ ಮನೆತನದವರು. ಅವರು ಕೇಳಿದಾಗ ಅದು ದೇಶಪ್ರೇಮ ಆಯಿತು, ಪಾಠವಾಯಿತು, ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಯಿತು. ನಾವು ಕೇಳಿದರೆ ಪ್ರತಿಭೆ ಕೆಟ್ಟುಹೋಗುತ್ತದೆ ಅನ್ನುತ್ತಾರೆ. ಅವರ ವಾದವನ್ನೇ ನಾವು ಇವತ್ತು ಮಾಡುತ್ತಿದ್ದೇವೆ: ಓಟ ಶುರುವಾಗುವ ಗೆರೆ ಎಲ್ಲರಿಗೂ ಒಂದೇ ಕಡೆ ಇಲ್ಲ.

*

ಲಂಡನ್ನಿನಲ್ಲಿ ಆ ಪರೀಕ್ಷೆ ಶುರುವಾದ ಮರುವರ್ಷ, 1856ರ ಜೂನಿನಲ್ಲಿ, ನಮ್ಮ ಘಟ್ಟದ ಮೇಲಿನ ಧಾರವಾಡದಲ್ಲಿ ಒಬ್ಬ ಮಹಾರ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಕೊಟ್ಟ. ಫೀಸು ಕೊಡಲು ತಯಾರಿದ್ದ. ಅವನನ್ನು ಸೇರಿಸಲಿಲ್ಲ. ಅರ್ಜಿ ಮುಂಬೈ ಸರ್ಕಾರದವರೆಗೆ ಹೋಯಿತು. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಡುವಂತೆ ಮಾಡಲಾಗದು ಎಂಬ ಧಾಟಿಯಲ್ಲಿ ಸರ್ಕಾರ ಕೈತೊಳೆದುಕೊಂಡಿತು. 1858ರಲ್ಲಿ ಸರ್ಕಾರಿ ಶಾಲೆ ಎಲ್ಲರಿಗೂ ತೆರೆದದ್ದು ಎಂದು ಕಾಗದದಲ್ಲಿ ಒಪ್ಪಿದರು. ಕಾಗದ ಶಾಲೆಯ ಜಗಲಿ ಹತ್ತಲು ಎಷ್ಟು ತಲೆಮಾರು ಬೇಕಾಯಿತು ಅನ್ನುವುದನ್ನು ನಮ್ಮ ಅಜ್ಜಂದಿರು ಹೇಳುತ್ತಾರೆ.

ಆ ಹುಡುಗನ ಹೆಸರು ಪಠ್ಯಪುಸ್ತಕದಲ್ಲಿಲ್ಲ. ಒಬ್ಬನಿಗೆ 23 ದಾಟಬಾರದು ಎಂಬ ಕಟ್ಟಳೆ, ಇನ್ನೊಬ್ಬನಿಗೆ ಯಾವ ವಯಸ್ಸಿನಲ್ಲೂ ಒಳಗೆ ಬರಬಾರದು ಎಂಬ ಕಟ್ಟಳೆ. ಎರಡೂ ಒಂದೇ ಸರ್ಕಾರದ ಕಾಲದವು. ಮೊದಲನೆಯದರ ವಿರುದ್ಧ ಸಭೆಗಳಾದವು. ಎರಡನೆಯದರ ವಿರುದ್ಧ ಆ ಸಭೆಗಳಲ್ಲಿ ಯಾರು ಮಾತಾಡಿದರು?

ನಮ್ಮ ಲೆಕ್ಕ ಹಿಡಿದವರು ಬಾಬಾಸಾಹೇಬರು. 1942ರಲ್ಲಿ ವೈಸರಾಯನ ಕಾರ್ಯಕಾರಿ ಮಂಡಲಿಗೆ ಸೇರಿದ ಅಂಬೇಡ್ಕರ್ ಆ ವರ್ಷ ಅಕ್ಟೋಬರಿನಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆಯ ಮನವಿ ಸಲ್ಲಿಸಿದರು. 1943ರ ಆಗಸ್ಟಿನಲ್ಲಿ ಭಾರತ ಸರ್ಕಾರದ ಆದೇಶ ಬಂತು. ಕೇಂದ್ರದ ನೌಕರಿಗಳಲ್ಲಿ ಶೇಕಡಾ ಎಂಟೂ ಚಿಲ್ಲರೆ ಮೀಸಲಾತಿ ಎಂದು ನಾವೆಲ್ಲ ಓದಿದ್ದೇವೆ. ಅದೇ ಆದೇಶದಲ್ಲಿ ಇನ್ನೆರಡು ಸಣ್ಣ ಮಾತುಗಳಿದ್ದವು. ಪರಿಶಿಷ್ಟರಿಗೆ ವಯಸ್ಸಿನ ಗಡಿ 3 ವರ್ಷ ಹೆಚ್ಚು, ಪರೀಕ್ಷೆಯ ಫೀಸು ಕಾಲುಭಾಗ. ದುಡ್ಡು ಮತ್ತು ಕಾಲ, ಎರಡೂ ನಮ್ಮ ಬಳಿ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅವರು ಅದನ್ನು ಓದಿ ತಿಳಿದದ್ದಲ್ಲ. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದಲ್ಲಿ ಆ 3 ವರ್ಷ 5 ಆಯಿತು. ಹಿಂದುಳಿದ ವರ್ಗಗಳಿಗೆ ಬಹಳ ಕಾಲದ ನಂತರ 3 ವರ್ಷ ಬಂತು. ಕರ್ನಾಟಕದಲ್ಲಿ 1977ರ ಸಾಮಾನ್ಯ ನೇಮಕಾತಿ ನಿಯಮಗಳು ತಿದ್ದುಪಡಿಯಾಗುತ್ತ ಬಂದು 35, 38, 40 ಎಂಬ ಮೂರು ಗೆರೆಗಳಾದವು. ಸಾಮಾನ್ಯರಿಗೆ 35, ಎರಡು ಮತ್ತು ಮೂರನೇ ಪ್ರವರ್ಗಕ್ಕೆ 38, ಪರಿಶಿಷ್ಟರಿಗೂ ಒಂದನೇ ಪ್ರವರ್ಗಕ್ಕೂ 40.

ಇದನ್ನು ರಿಯಾಯಿತಿ ಅನ್ನುತ್ತಾರೆ. ಬಸ್ಸಿನ ಪಾಸಿನ ಹಾಗೆ. ಆ ರಿಯಾಯಿತಿಗೂ ಬೆಲೆ ಇದೆ ಎಂಬುದು ನಮ್ಮ ಹುಡುಗರಿಗೆ ಗೊತ್ತಿರುವುದಿಲ್ಲ. 1998ರ ಜುಲೈ 1ರ ಕೇಂದ್ರದ ಆದೇಶವೊಂದು ಹೇಳುತ್ತದೆ: ವಯಸ್ಸಿನ ಸಡಿಲಿಕೆ ತೆಗೆದುಕೊಂಡವನು ಎಷ್ಟೇ ಅಂಕ ತೆಗೆದರೂ ಅವನನ್ನು ಮೀಸಲು ಜಾಗದಲ್ಲೇ ಎಣಿಸಬೇಕು, ಸಾಮಾನ್ಯ ಜಾಗಕ್ಕೆ ಬಿಡಕೂಡದು. 2010ರಲ್ಲಿ ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯ ಜಿತೇಂದ್ರ ಕುಮಾರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ಕಾನೂನು ನೋಡಿ, ವಯಸ್ಸು ಸಡಿಲಿಸುವುದು ಅಖಾಡಕ್ಕೆ ಇಳಿಯಲು ಬಿಡುವುದು ಮಾತ್ರ, ಕುಸ್ತಿಯಲ್ಲಿ ಅಂಕ ಕೊಟ್ಟಂತಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. 2017ರಲ್ಲಿ ದೀಪಾ ಇ.ವಿ. ಮೊಕದ್ದಮೆಯಲ್ಲಿ ಕೇಂದ್ರದ ಆದೇಶವನ್ನು ಎತ್ತಿಹಿಡಿಯಿತು. ಹೀಗೆ ಒಂದೇ ದೇಶದಲ್ಲಿ ಒಂದೇ ಸಡಿಲಿಕೆಗೆ ಎರಡು ಅರ್ಥ. ತಡವಾಗಿ ಶಾಲೆ ಸೇರಿದವನು ಎಲ್ಲರಿಗಿಂತ ಮುಂದೆ ಓಡಿ ಗೆದ್ದರೂ, ನೀನು ತಡವಾಗಿ ಬಂದವನಲ್ಲವೆ ಎಂದು ಹಿಂದಿನ ಸಾಲಿಗೆ ಕಳಿಸುತ್ತಾರೆ.

*

ಈಗ ಕಾನೂನಿನ ಮಾತು. ನಮ್ಮ ಸಂವಿಧಾನದ 16ನೇ ವಿಧಿಯ ಎರಡನೇ ಖಂಡ ಸರ್ಕಾರಿ ನೌಕರಿಯಲ್ಲಿ ಯಾವ ಕಾರಣಕ್ಕೆ ತಾರತಮ್ಯ ಮಾಡಬಾರದು ಎಂದು ಎಣಿಸಿ ಹೇಳುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳ. ವಯಸ್ಸು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ವಯೋಮಿತಿ ಹಾಕಿದ್ದೇ ತಪ್ಪು ಅನ್ನಲಾಗುವುದಿಲ್ಲ. 14ನೇ ವಿಧಿಯ ಸಮಾನತೆಯ ಮೇಲೆ ಮಾತ್ರ ಕೇಳಬಹುದು: ಈ ಗೆರೆಗೂ ಆ ಕೆಲಸಕ್ಕೂ ಸಂಬಂಧ ಇದೆಯೆ? ಸರ್ಕಾರ ಏನಾದರೂ ಒಂದು ಕಾರಣ ಹೇಳಿದರೆ ಕೋರ್ಟುಗಳು ಸಾಧಾರಣವಾಗಿ ಒಪ್ಪುತ್ತವೆ. 1981ರಲ್ಲಿ ಏರ್ ಇಂಡಿಯಾದ ಗಗನಸಖಿಯರ ಮೊಕದ್ದಮೆಯಲ್ಲಿ, ನರ್ಗೀಸ್ ಮಿರ್ಜಾ ಪ್ರಕರಣ ಅಂತಾರೆ, ಮೊದಲ ಬಸುರಿಗೇ ಮನೆಗೆ ಕಳಿಸುವ ನಿಯಮವನ್ನು ಸುಪ್ರೀಂ ಕೋರ್ಟು ಹೊಡೆದು ಹಾಕಿತು. ಆದರೆ 35ಕ್ಕೆ ನಿವೃತ್ತಿ ಎಂಬ ಗೆರೆಯನ್ನು ಬುಡದಿಂದ ಕೀಳಲಿಲ್ಲ. ವಯಸ್ಸು ಮುಂದುವರಿಸುವ ಅಧಿಕಾರ ಒಬ್ಬ ಸಾಹೇಬರ ಮರ್ಜಿಯಲ್ಲಿ ಇರಬಾರದು ಎಂದಷ್ಟೇ ಹೇಳಿತು.

ಇದೂ ಸರ್ಕಾರಿ ನೌಕರಿಯ ಮಾತು. ಖಾಸಗಿಯವರಿಗೆ ಆ ಪ್ರಶ್ನೆಯೂ ಇಲ್ಲ. ಪೇಟೆಯ ಒಂದು ಅಂಗಡಿಯ ಗಾಜಿಗೆ ಅಂಟಿಸಿದ ಚೀಟಿ: "ಕೆಲಸಕ್ಕೆ ಬೇಕಾಗಿದ್ದಾರೆ, 18ರಿಂದ 25ರೊಳಗಿನ ಹುಡುಗಿಯರು." ನನ್ನ ಅಕ್ಕ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅದನ್ನು ಓದಿ ಹಿಂದೆ ಬಂದಳು. ಪಿಯುಸಿ ಓದಿದವಳು, ಲೆಕ್ಕದಲ್ಲಿ ಜಾಣೆ. ಅವಳಿಗೆ 31. ಇದು ಕಾನೂನುಬಾಹಿರವೆ ಎಂದು ಅವಳು ಕೇಳಿದರೆ ನಾನು ಹೇಳಬೇಕಾದ್ದು ಇಷ್ಟೆ: ಇಂಡಿಯಾದಲ್ಲಿ ಅಲ್ಲ ಅಕ್ಕ. ಇಂಥ ಚೀಟಿಯಲ್ಲಿ ವಯಸ್ಸು ಬರೆಯಬೇಡಿ ಅನ್ನುವ ಕೇಂದ್ರದ ಕಾಯ್ದೆ ಇಲ್ಲಿಲ್ಲ.

ಅದೇ ಚೀಟಿಯನ್ನು ಅಮೆರಿಕದಲ್ಲಿ ಒಂದು ಕಂಪನಿ ಅಂಟಿಸಿದರೆ? ಅಲ್ಲಿ 1967ರಲ್ಲೇ ಕಾಯ್ದೆ ಬಂದಿದೆ. 20 ಜನಕ್ಕೆ ಕಮ್ಮಿ ಇಲ್ಲದೆ ಕೆಲಸಕ್ಕಿಟ್ಟುಕೊಂಡ ಧಣಿ 40 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ದೂರ ಇಡುವಂತಿಲ್ಲ. ಜಾಹೀರಾತಿನಲ್ಲಿ 25ರಿಂದ 35 ಎಂದಾಗಲಿ, ತರುಣರು ಬೇಕು ಎಂದಾಗಲಿ ಬರೆಯುವಂತಿಲ್ಲ. ಆದರೆ ಅದರಲ್ಲೂ ತೂತಿದೆ. ರಕ್ಷಣೆ 40 ತುಂಬಿದವರಿಗೆ ಮಾತ್ರ. ನನ್ನ ಅಕ್ಕನ 31ಕ್ಕೆ ಆ ಕಾಯ್ದೆಯಲ್ಲೂ ಜಾಗವಿಲ್ಲ. ಕೆನಡಾದ ಹಕ್ಕುಗಳ ಸನ್ನದಿನಲ್ಲಿ, ದಕ್ಷಿಣ ಆಫ್ರಿಕದ 1996ರ ಸಂವಿಧಾನದಲ್ಲಿ ತಾರತಮ್ಯದ ಪಟ್ಟಿಯೊಳಗೆ ವಯಸ್ಸಿನ ಹೆಸರು ನೇರವಾಗಿ ಇದೆ. ವರ್ಣಭೇದ ಉಂಡವರು ತಮ್ಮ ಸಂವಿಧಾನ ಬರೆಯುವಾಗ ಆ ಶಬ್ದ ಮರೆಯಲಿಲ್ಲ. ಯುರೋಪಿನ ಒಕ್ಕೂಟ 2000ದಲ್ಲಿ ನಿರ್ದೇಶನ ಹೊರಡಿಸಿತು. ಅಲ್ಲಿ ಗೆರೆ ಎಳೆಯಬಹುದು, ಆದರೆ ಕಾರಣವನ್ನು ಎಳೆದವನೇ ಸಾಬೀತು ಮಾಡಬೇಕು. ಜರ್ಮನಿಯ ಅಗ್ನಿಶಾಮಕರಿಗೆ 30ರ ಗಡಿ ಸರಿ ಎಂದು ಅಲ್ಲಿನ ನ್ಯಾಯಾಲಯ 2010ರಲ್ಲಿ ಹೇಳಿತು, ಬೆಂಕಿಯ ಮುಂದೆ ದೇಹಬಲ ಬೇಕು ಎಂದು. ಸ್ಪೇನಿನ ಒಂದು ನಗರದ ಪೊಲೀಸರಿಗೆ ಹಾಕಿದ ಅದೇ 30ರ ಗಡಿಯನ್ನು 2014ರಲ್ಲಿ ತಪ್ಪು ಎಂದಿತು. ಜಪಾನು 2007ರಲ್ಲಿ ನೇಮಕಾತಿಯ ವಯೋಮಿತಿಯನ್ನು ಕೆಲವು ವಿನಾಯಿತಿ ಬಿಟ್ಟು ನಿಷೇಧಿಸಿತು. ಚೀನಾದಲ್ಲಿ 35 ದಾಟಿದವರಿಗೆ ಕೆಲಸವಿಲ್ಲ ಎಂಬ ಗೋಳು ದೊಡ್ಡದಾಗಿ, 2025ರಲ್ಲಿ ಸರ್ಕಾರಿ ಪರೀಕ್ಷೆಯ ಗಡಿಯನ್ನು 38ಕ್ಕೆ ಏರಿಸಿದರು. ನೆರೆಯ ಬಾಂಗ್ಲಾದೇಶದಲ್ಲಿ ಹುಡುಗರು ಬೀದಿಗಿಳಿದ ಮೇಲೆ 2024ರಲ್ಲಿ 30 ಇದ್ದದ್ದು 32 ಆಯಿತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದದ್ದು ಇಂಗ್ಲೆಂಡಿನ ಒಂದು ಮೊಕದ್ದಮೆ. ನಮಗೆ 19ರ ಗೆರೆ ಎಳೆದ ಅದೇ ಸಿವಿಲ್ ಸರ್ವಿಸ್ ಮನೆತನದವರ ಮೇಲೆ 1970ರ ದಶಕದಲ್ಲಿ ಬೆಲಿಂಡಾ ಪ್ರೈಸ್ ಎಂಬ ಹೆಣ್ಣುಮಗಳು ದಾವೆ ಹೂಡಿದಳು. ಒಂದು ಹುದ್ದೆಗೆ ಹದಿನೇಳೂವರೆಯಿಂದ 28ರೊಳಗಿನವರು ಮಾತ್ರ ಎಂದು ಜಾಹೀರಾತಿತ್ತು. ಅವಳಿಗೆ 35. ಆಗ ಅಲ್ಲಿ ವಯಸ್ಸಿನ ತಾರತಮ್ಯದ ವಿರುದ್ಧ ಕಾಯ್ದೆ ಇರಲಿಲ್ಲ, ಅದು ಬಂದದ್ದು 2006ರಲ್ಲಿ. ಇದ್ದದ್ದು ಲಿಂಗ ತಾರತಮ್ಯದ 1975ರ ಕಾಯ್ದೆ. ಅವಳ ವಾದ ಹೀಗಿತ್ತು: 28ರ ಗೆರೆ ಗಂಡಿಗೂ ಹೆಣ್ಣಿಗೂ ಒಂದೇ ಎಂದು ಕಾಣುತ್ತದೆ. ಆದರೆ ಇಪ್ಪತ್ತರಿಂದ ಮೂವತ್ತರ ತನಕ ಮಕ್ಕಳನ್ನು ಹೆತ್ತು ಸಾಕುವವರು ಹೆಂಗಸರು. ಹಾಗಾಗಿ ಆ ಗೆರೆ ಹೆಂಗಸರನ್ನೇ ಹೆಚ್ಚು ಹೊರಗಿಡುತ್ತದೆ. ಕಾಗದದ ಮೇಲೆ ಅರ್ಜಿ ಹಾಕಬಹುದು ಅನ್ನುವುದು ಸಾಲದು, ಬದುಕಿನಲ್ಲಿ ಹಾಕಲು ಆಗುತ್ತದೆಯೆ ನೋಡಬೇಕು. 1977ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಈ ತರ್ಕವನ್ನು ಒಪ್ಪಿತು.

ಈ ತರ್ಕವನ್ನು ನಮ್ಮ ಕೇರಿಗೆ ತನ್ನಿ. 35ಕ್ಕೂ 40ಕ್ಕೂ ಜಾತಿ ಇಲ್ಲ, ನಿಜ. ಆದರೆ ಎಂಟು ವರ್ಷಕ್ಕೆ ಶಾಲೆ ಸೇರುವವರು ಯಾರು? ನಡುವೆ ಶಾಲೆ ಬಿಟ್ಟು ದೋಣಿಗೆ, ಗೋವೆಗೆ ಹೋಗುವವರು ಯಾರು? ಆಗೇರರ ಕೊಪ್ಪ, ಮುಕ್ರಿ ಕೇರಿ, ಹಳ್ಳೇರ ಮನೆಗಳಲ್ಲಿ ಒಮ್ಮೆ ಎಣಿಸಿ ಬನ್ನಿ. ಗೆರೆ ವಯಸ್ಸಿನದ್ದು, ಹೊರಗೆ ಬೀಳುವವರ ಜಾತಿ ಮಾತ್ರ ಒಂದೇ. ಇದಕ್ಕೆ ಪರೋಕ್ಷ ತಾರತಮ್ಯ ಅನ್ನುತ್ತಾರೆ. 2021ರ ಮಾರ್ಚಿನಲ್ಲಿ ಸೇನೆಯ ಮಹಿಳಾ ಅಧಿಕಾರಿಗಳ ನಿತಿಶಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೂ ಈ ಮಾತನ್ನು ಒಪ್ಪಿದೆ. ಎಲ್ಲರಿಗೂ ಒಂದೇ ಎಂದು ಕಾಣುವ ನಿಯಮ ಹಿಂದಿನ ಅನ್ಯಾಯದ ಮೇಲೆ ನಿಂತು ಕೆಲವರನ್ನೇ ತುಳಿದರೆ ಅದೂ ತಾರತಮ್ಯ ಎಂದಿದೆ. ಬಾಗಿಲು ಒಂದು ಬೆರಳಿನಷ್ಟು ತೆರೆದಿದೆ. ವಯೋಮಿತಿಯ ಪ್ರಶ್ನೆ ಹಿಡಿದು ಅದನ್ನು ತಳ್ಳುವ ವಕೀಲರು ನಮ್ಮಿಂದಲೇ ಬರಬೇಕು.

*

ಈಗ ನಮ್ಮ ನೆಲದ ಲೆಕ್ಕ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಕಾರವಾರದ ಹತ್ತಿರ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾ ತಾಲೂಕಿನ 13 ಹಳ್ಳಿಗಳು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. ಅರಗಾದಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ನಡುವೆ ಹತ್ತಿರ ಹತ್ತಿರ 19 ವರ್ಷ. ಬ್ರಿಟಿಷರು ಎಳೆದ ಗೆರೆಯ ಸಂಖ್ಯೆಯೇ ಅದು. ಲೆಕ್ಕ ಮಾಡಿ ನೋಡಿ. ಅಡಿಗಲ್ಲಿನ ದಿನ 20 ವರ್ಷವಿದ್ದ ತರುಣ, ನೆಲ ಹೋಯಿತು ನೌಕರಿ ಬರಲಿ ಎಂದು ಕಾದರೆ, ನೆಲೆ ಶುರುವಾದ ದಿನ ಅವನಿಗೆ 38 ದಾಟಿತ್ತು. ಗದ್ದೆ ಬಿಡುವ ದಿನ ಅವನ ವಯಸ್ಸು ಯಾರೂ ಕೇಳಲಿಲ್ಲ. ನೌಕರಿಯ ಅರ್ಜಿಯಲ್ಲಿ ಅದೇ ಮೊದಲು ಕೇಳಿದರು.

ಗೇಣಿಯೂ ಇಲ್ಲದೆ ಪರರ ಗದ್ದೆಯಲ್ಲಿ ದುಡಿದವರ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಹೋಗಲು ಅವರ ಹೆಸರಿನಲ್ಲಿ ನೆಲವಿರಲಿಲ್ಲ. ಹೋದದ್ದು ಕೂಲಿ. ಕೂಲಿ ಕಳಕೊಂಡದ್ದಕ್ಕೆ ಯಾವ ಪಹಣಿಯಲ್ಲಿ ಕಲಮಿದೆ? ಈಗ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆಂದು ನೆಲ ತೆಗೆದಿದ್ದಾರೆ. ಕೇಣಿಯಲ್ಲಿ ಬಂದರಿನ ಮಾತು ಎದ್ದು ಮೀನುಗಾರರು ಬೀದಿಗಿಳಿದರು. ಇದೇ 19 ವರ್ಷದ ಆಟ ಮತ್ತೆ ಆಡಲು ಬಿಡಬಾರದು.

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಹಾಲಕ್ಕಿ ತಾಯಿ. ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಯಿಂದ ಪದ್ಮಶ್ರೀ ಪಡೆದವರು. ಅವರು ದಶಕಗಳ ಕಾಲ ಅರಣ್ಯ ಇಲಾಖೆಯ ಸಸ್ಯಪಾಲನೆಯಲ್ಲಿ ದಿನಗೂಲಿಯಾಗಿ ದುಡಿದರು. ಅವರು ಹುಟ್ಟಿದ ವರ್ಷ ಪತ್ರಿಕೆಗೊಂದು ರೀತಿ ಇದೆ. ಬೀಜ ಬಿತ್ತುವಾಗ, ಸಸಿ ಹೊರುವಾಗ ಅವರ ವಯಸ್ಸು ಯಾರಿಗೂ ಬೇಕಾಗಲಿಲ್ಲ. ನೋಡಿ, ಈ ನಾಡಿನಲ್ಲಿ ಕೂಲಿಗೆ ವಯೋಮಿತಿ ಇಲ್ಲ, ಪಗಾರಕ್ಕೆ ಇದೆ. ಕಸಬರಿಗೆಗೆ ಇಲ್ಲ, ಕುರ್ಚಿಗೆ ಇದೆ. ಹಾಲಕ್ಕಿಗಳು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳುತ್ತ ಒಂದು ತಲೆಮಾರು ಮುಗಿಯಿತು. ನಮ್ಮ ಜಿಲ್ಲೆಯ ಸಿದ್ದಿಗಳನ್ನು 2003ರಲ್ಲಿ ಸೇರಿಸಿದರು. ಸೇರಿದ ದಿನ ಅವರ ಮೈಯ ವಯಸ್ಸು ಬದಲಾಗಲಿಲ್ಲ, ಕೇಂದ್ರದ ಅರ್ಜಿಯಲ್ಲಿ ಗಡಿ ಬದಲಾಯಿತು.

ದಿನಗೂಲಿಯ ಮಾತು ಬಂದಾಗ ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣ ಮರೆಯಬಾರದು. 2006ರ ಏಪ್ರಿಲ್ 10ರ ತೀರ್ಪು. ತಾತ್ಕಾಲಿಕವಾಗಿ ಸೇರಿದವರನ್ನು ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದು ಅದು ಸಾವಿರಾರು ಜನರ ಬೆನ್ನು ಮುರಿಯಿತು. ಆದರೆ ಅದೇ ತೀರ್ಪಿನ ಕೊನೆಯಲ್ಲಿ, ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದವರು ನೇಮಕಾತಿಗೆ ಸ್ಪರ್ಧಿಸುವಾಗ ಅವರಿಗೆ ವಯಸ್ಸಿನ ಗಡಿ ಬಿಡಿ, ದುಡಿದದ್ದಕ್ಕೆ ತೂಕ ಕೊಡಿ ಎಂದೂ ಹೇಳಿದೆ. ಸರ್ಕಾರದ ಕೆಲಸ ಮಾಡುತ್ತಲೇ ವಯಸ್ಸು ಮೀರಿದವನಿಗೆ ನಿನ್ನ ವಯಸ್ಸು ಮೀರಿತು ಎಂದು ಸರ್ಕಾರವೇ ಹೇಳಬಾರದು ಎಂಬ ಸಣ್ಣ ನ್ಯಾಯ ಅಲ್ಲಿದೆ. ನಮ್ಮ ಸಂಘಟನೆಗಳು ತೀರ್ಪಿನ ಹೊಡೆತದ ಭಾಗವನ್ನು ಮಾತ್ರ ಓದಿ ಈ ಭಾಗವನ್ನು ಬಿಟ್ಟವು.

ಕೊನೆಗೆ ಆ ಅಣ್ಣನ ಕಥೆ. 2024ರ ಅಕ್ಟೋಬರ್ ಕೊನೆಗೆ ರಾಜ್ಯದ ಸಚಿವ ಸಂಪುಟ, ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿಯ ಅಧಿಸೂಚನೆ ಬೇಡ ಎಂದಿತು. ಒಳಮೀಸಲಾತಿ ನಮ್ಮೊಳಗಿನ ಹಿಂದುಳಿದವರ ನ್ಯಾಯವಾದ ಬೇಡಿಕೆ. ಸದಾಶಿವ ಆಯೋಗ 2005ರಲ್ಲಿ ರಚನೆಯಾಗಿ 2012ರಲ್ಲಿ ವರದಿ ಕೊಟ್ಟಿತ್ತು. ಅದನ್ನು ಕಪಾಟಿನಲ್ಲಿಟ್ಟವರು ನಾವಲ್ಲ. 2025ರ ಆಗಸ್ಟಿನಲ್ಲಿ ತೀರ್ಮಾನವಾಯಿತು. ಈ ನಡುವೆ ಸರ್ಕಾರ ನೇಮಕಾತಿ ನಿಲ್ಲಿಸಿತು, ಆದರೆ ಜೂನ್ 1 ಬರುವುದು ನಿಲ್ಲಲಿಲ್ಲ. ಹುಡುಗರು ಬೀದಿಗಿಳಿದರು. ಆಮೇಲೆ ಎಲ್ಲ ವರ್ಗಕ್ಕೂ ಒಂದು ಸಲಕ್ಕೆಂದು 3 ವರ್ಷ ಸಡಿಲಿಸಿದರು. ಅಣ್ಣನಿಗೆ ಹೇಳಿದೆ. ಅವನು ನಕ್ಕ. "ಮೂರು ವರ್ಷ ಕೊಟ್ರು. ಪುಸ್ತಕ ಮಾರಿಬಿಟ್ಟೆನಲ್ಲ ಮಾರಾಯ" ಅಂದ.

*

ವಯೋಮಿತಿಯನ್ನು ಪೂರ್ತಿ ಕಿತ್ತೊಗೆಯಿರಿ ಎಂದು ನಾನು ಹೇಳುತ್ತಿಲ್ಲ. ಯೋಚಿಸಿ ನೋಡಿದ್ದೇನೆ. ಗಡಿಯೇ ಇಲ್ಲದಿದ್ದರೆ ಅಪ್ಪನ ದುಡ್ಡಿನಲ್ಲಿ ಧಾರವಾಡದಲ್ಲೋ ದಿಲ್ಲಿಯಲ್ಲೋ ಕೋಣೆ ಹಿಡಿದು ಹದಿನೈದು ವರ್ಷ ಕೂತು ಪರೀಕ್ಷೆ ಬರೆಯುವವನು ಗೆಲ್ಲುತ್ತಾನೆ. 23 ವರ್ಷಕ್ಕೆ ಮನೆ ಸಾಕಬೇಕಾದ ನಮ್ಮ ಹುಡುಗ ಸೋಲುತ್ತಾನೆ. ಗೆರೆ ಇರಲಿ. ಆದರೆ ಗೆರೆ ಎಲ್ಲಿಂದ ಎಳೆಯುತ್ತೀರಿ ಎಂಬುದನ್ನು ನಮ್ಮನ್ನೂ ಕೇಳಿ.

ಸರ್ಕಾರ ತಾನೇ ನೇಮಕಾತಿ ನಿಲ್ಲಿಸಿದ ತಿಂಗಳುಗಳನ್ನು ಅರ್ಜಿದಾರನ ವಯಸ್ಸಿಗೆ ಸೇರಿಸಬಾರದು. ಇದು ಪ್ರತಿ ಸಲ ಬೀದಿಗಿಳಿದು ಬೇಡುವ ಕೃಪೆಯಾಗದೆ ನಿಯಮದೊಳಗೇ ಇರಬೇಕು. ಯೋಜನೆಗೆ ನೆಲವನ್ನೋ ಕೂಲಿಯನ್ನೋ ಕಳಕೊಂಡವನಿಗೆ, ಕಳಕೊಂಡ ದಿನದ ವಯಸ್ಸೇ ಆ ಯೋಜನೆಯ ಅರ್ಜಿಯ ವಯಸ್ಸಾಗಬೇಕು. ಸಡಿಲಿಕೆ ತೆಗೆದುಕೊಂಡು ಮುಂದೆ ಬಂದವನನ್ನು ಹಿಂದಿನ ಸಾಲಿಗೆ ತಳ್ಳಬಾರದು. ಖಾಸಗಿಯವರು ಜಾಹೀರಾತಿನಲ್ಲಿ ವಯಸ್ಸು ಬರೆದರೆ ಯಾಕೆ ಎಂದು ಉತ್ತರ ಕೊಡುವಂತೆ ಒಂದು ಕಾಯ್ದೆ ಬರಬೇಕು. ಇವು ನಾಲ್ಕೂ ಲೋಕದಲ್ಲಿ ಯಾರೂ ಕೇಳದ ವಿಚಿತ್ರ ಬೇಡಿಕೆಗಳಲ್ಲ. ಸುರೇಂದ್ರನಾಥರು ಊರೂರು ಸುತ್ತಿ ಕೇಳಿದ್ದರ ತಮ್ಮಂದಿರು.

ಮೊನ್ನೆ ಒಂದು ಅರ್ಜಿ ತುಂಬುತ್ತ ಕೂತಿದ್ದೆ. ಅವ್ವ ಪಕ್ಕದಲ್ಲಿ ಮೀನು ಹಸನು ಮಾಡುತ್ತಿದ್ದಳು. ಹುಟ್ಟಿದ ದಿನದ ಕಲಮು ಬಂದಾಗ ಕೈ ನಿಂತಿತು. "ಅವ್ವ, ನಾನು ಹುಟ್ಟಿದ ದಿನ ಮಳೆ ಇತ್ತಾ?" ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ. "ಎಂತಾ ಮಳೆ! ಮಧ್ಯಾಹ್ನ ನಿಂತಿತ್ತು. ರೈಲು ಹೋದ ಸದ್ದು ಕೇಳಿತು, ಆಗ ನೀನು ಅತ್ತಿ" ಅಂದಳು.

ಆ ದಿನಕ್ಕೆ ತಾರೀಕಿಲ್ಲ. ನಾನು ಜೂನ್ 1 ಎಂದು ಬರೆದೆ.